ಗುಲ್ವಾಡಿ ವೆಂಕಟರಾಯರೂ ಹದಿಹರೆಯದ ಇಂದಿರೆಯೂ

ಕಳೆದ ಮಳೆಗಾಲದಲ್ಲಿ ಈ ಸಂಚಿಕೆಗೆಂದೇ ನಾನೊಂದು ಕಥೆಯನ್ನು ಬರೆದಿದ್ದೆ. ಅದರ ನಾಯಕಿ ಹದಿನಾರು ವರ್ಷದ ಹುಡುಗಿ. ಮನೆಯವರು ಗೊತ್ತುಮಾಡಿದ ಮದುವೆಯನ್ನು ಒಲ್ಲದೆ ಮನೆ ಬಿಟ್ಟು ಹೊರಡುವವಳು. ಹೊರಡುವ ಮುನ್ನ ತಂದೆಯ ಎದುರು ನಿಂತು ಅವಳು ಆಡುವ ಮಾತು ಎರಡು ಪುಟಗಳಷ್ಟಿತ್ತು. ಅದನ್ನು ಬರೆದು ಮುಗಿಸಿದ ರಾತ್ರಿ ಸಂತೋಷದಿಂದ ನನಗೆ ನಿದ್ದೆಯೇ ಬರಲಿಲ್ಲ. ಮರುದಿನ ಬೆಳಿಗ್ಗೆ ತಂಗಿಗೆ ಓದಲು ಕೊಟ್ಟೆ. ಅವಳಿಗೂ ಹದಿನಾರೇ. ಅವಳು ಮೊದಲ ಪುಟದಲ್ಲಿ ಮುಗುಳುನಕ್ಕಳು. ಭಾಷಣದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ದುಃಖದ ಕಥೆಗೆ ನಗುವೇಕೆಂದು ಕೇಳಿದರೆ, ಈ ಹುಡುಗಿ ಸ್ವಾತಂತ್ರ್ಯ ದಿನಾಚರಣೆಗೆ ಬಂದ ಮುಖ್ಯ ಅತಿಥಿಯ ಹಾಗೆ ಮಾತಾಡುತ್ತಾಳೆ ಎಂದುಬಿಟ್ಟಳು.

ನಮ್ಮ ಕನ್ನಡ ಉಪನ್ಯಾಸಕರ ಅಭಿಪ್ರಾಯವೂ ಅದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಹೇಳಿದ ರೀತಿ ಮಾತ್ರ ಸೌಮ್ಯವಾಗಿತ್ತು. ಅವರು ಕಥೆಯನ್ನು ಹಿಂತಿರುಗಿಸಿ, ಇನ್ನೊಮ್ಮೆ ಬರೆಯುವ ಮೊದಲು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಓದಬೇಕೆಂದರು. ಪರೀಕ್ಷೆಗೆ ಒಂದು ವಾಕ್ಯದ ಉತ್ತರವಾಗಿ ನಾನು ಬಲ್ಲ ಹೆಸರು ಅದು: ಕನ್ನಡದ ಮೊತ್ತಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ, 1899. ಅದರ ಆಚೆಗೆ ಏನೂ ತಿಳಿಯದು. ಅದನ್ನು ಬರೆದವರು ಒಬ್ಬ ಪೊಲೀಸ್ ಅಧಿಕಾರಿಯೆಂದೂ, ಪ್ರಕಟವಾದಾಗ ಅವರಿಗೆ ಐವತ್ತೈದು ವರ್ಷವಾಗಿತ್ತೆಂದೂ ತಿಳಿದಾಗ ನನಗೆ ಆಶ್ಚರ್ಯವಾಯಿತು. ಇಪ್ಪತ್ತರ ನಾನು ಹದಿನಾರರ ಹುಡುಗಿಯನ್ನು ಬರೆಯಲಾರದೆ ಸೋತಿರುವಾಗ, ಐವತ್ತೈದರ ಪೊಲೀಸರು ಆ ಸಾಹಸಕ್ಕೆ ಹೇಗೆ ಕೈಹಾಕಿದರು? ಆ ಕುತೂಹಲವೇ ಈ ಬರಹಕ್ಕೆ ಕಾರಣ.

ವೆಂಕಟರಾಯರು ಹುಟ್ಟಿದ್ದು 1844ರಲ್ಲಿ. ಗುಲ್ವಾಡಿ ಎಂಬುದು ಕುಂದಾಪುರದ ಕಡೆಯ ಊರು. ಮನೆತನದ ಹೆಸರು ಆ ಊರಿನಿಂದ ಬಂದದ್ದು. ಅವರು ಸಾರಸ್ವತರು, ಮನೆಮಾತು ಕೊಂಕಣಿ. ಅವರು ಹುಟ್ಟುವುದಕ್ಕೆ ಒಂದೇ ವರ್ಷ ಮೊದಲು, 1843ರಲ್ಲಿ, ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಪಾದ್ರಿಗಳು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವಾರ್ತಾಪತ್ರಿಕೆಯನ್ನು ಕೊಟ್ಟಿದ್ದರು. ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟವನ್ನು ತೆರೆದದ್ದು 1841ರಲ್ಲಿ. ಹೀಗೆ ರಾಯರು ಕನ್ನಡ ಅಚ್ಚಿನಕ್ಷರದ ಸರಿಸುಮಾರು ಓರಗೆಯವರು. ಅವರ ಕಾದಂಬರಿಯನ್ನು ಮುಂದೆ ಮುದ್ರಿಸಿದ್ದು ಅದೇ ಅಚ್ಚುಕೂಟ.

ಅವರ ಹದಿಹರೆಯವು ಎಂತಹ ಕಾಲದಲ್ಲಿ ಕಳೆಯಿತೆಂಬುದನ್ನು ನೋಡಿದರೆ ವಿಸ್ಮಯವಾಗುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ, ಎಂದರೆ 1856ರಲ್ಲಿ, ಹಿಂದೂ ವಿಧವೆಯರ ಪುನರ್ವಿವಾಹವನ್ನು ಸಿಂಧುವೆಂದು ಸಾರುವ ಕಾನೂನು ಬಂದಿತು. ಮರುವರ್ಷ ಉತ್ತರದಲ್ಲಿ ದಂಗೆ. ಅದೇ 1857ರಲ್ಲಿ ಮದರಾಸಿನಲ್ಲಿ ವಿಶ್ವವಿದ್ಯಾನಿಲಯ. 1859ರಲ್ಲಿ ಮದರಾಸು ಪೊಲೀಸ್ ಕಾನೂನು ಜಾರಿಗೆ ಬಂದು, ಮುಂದೆ ಅವರು ಸೇರಲಿದ್ದ ಇಲಾಖೆಗೆ ಹೊಸ ರೂಪ ಬಂದಿತು. ಹದಿನೆಂಟು ತುಂಬುವ ಹೊತ್ತಿಗೆ, 1862ರಲ್ಲಿ, ಅದಾಗಲೇ ಇಬ್ಭಾಗವಾಗಿದ್ದ ಕೆನರಾ ಜಿಲ್ಲೆಯ ಉತ್ತರದ ಭಾಗ ಮುಂಬಯಿಗೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲಿ ಉಳಿಯಿತು. ವಿಧವಾವಿವಾಹದ ಕಾನೂನು ಬಂದಾಗ ಅವರು ಬಾಲಕರು. ಅದನ್ನು ಕನ್ನಡ ಕಾದಂಬರಿಯ ಕಥಾವಸ್ತುವನ್ನಾಗಿ ಮಾಡುವಾಗ ನರೆತ ತಲೆಯವರು. ನಡುವೆ ನಲವತ್ತಮೂರು ವರ್ಷಗಳು ಸಂದಿದ್ದವು. ಕಾನೂನು ಪುಸ್ತಕದಲ್ಲಿತ್ತು, ಮನೆಗಳೊಳಗೆ ಬರಲಿಲ್ಲ.

ಮಂಗಳೂರಿನಲ್ಲಿ ಆ ಮನೆಗಳ ಕದ ತಟ್ಟುವ ಕೆಲವರು ಇದ್ದರು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರೂ ಬಿಲ್ಲವ ಮುಖಂಡರಾದ ಅರಸಪ್ಪನವರೂ ಮೊದಲಾದವರ ಪ್ರಯತ್ನದಿಂದ ಇಲ್ಲಿ ಬ್ರಹ್ಮಸಮಾಜ ಏರ್ಪಟ್ಟಿತು. 1897ರಲ್ಲಿ ಕುದ್ಮುಲ್ ರಂಗರಾಯರು ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿ ಸ್ವಜಾತಿಯವರಿಂದ ಬಹಿಷ್ಕಾರವನ್ನು ಉಂಡರು. ನಮ್ಮ ಅತ್ತಾವರದ ಬಾಬುಗುಡ್ಡೆಯಲ್ಲಿ ಬ್ರಹ್ಮಸಮಾಜದ ಸ್ಮಶಾನವಿದೆ. ರಂಗರಾಯರ ಸಮಾಧಿ ಅಲ್ಲಿಯೇ. ಚಿಕ್ಕಂದಿನಿಂದ ಅದರ ಪಕ್ಕದಲ್ಲೇ ಓಡಾಡಿದವಳು ನಾನು. ಕಾಲೇಜಿಗೆ ಬಂದ ಮೇಲೆಯೇ ಆ ಹೆಸರಿನ ಅರ್ಥ ತಿಳಿದದ್ದೆಂದು ಹೇಳಲು ನಾಚಿಕೆಯಾಗುತ್ತದೆ. ರಂಗರಾಯರೂ ಸಾರಸ್ವತರೇ, ವೆಂಕಟರಾಯರಿಗಿಂತ ಹದಿನೈದು ವರ್ಷ ಕಿರಿಯರು. ‘ಇಂದಿರಾಬಾಯಿ’ ಹುಟ್ಟಿದ್ದು ಈ ಗಾಳಿಯಲ್ಲಿ.

ಇನ್ನು ಕಾದಂಬರಿಯ ವಿಷಯ. ಅದರ ಪೂರ್ಣ ಹೆಸರು ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’. ಕಮಲಪುರವೆಂಬ ಕಲ್ಪಿತ ಊರಿನಲ್ಲಿ ಭೀಮರಾಯನೆಂಬ ಹಣವಂತ, ಆತನ ಹೆಂಡತಿ ಅಂಬಾಬಾಯಿ, ಇವರ ಮಗಳು ಇಂದಿರೆ. ಎಳೆತನದಲ್ಲಿಯೇ ಮದುವೆ ಮಾಡುತ್ತಾರೆ; ಗಂಡ ವಿಠಲರಾಯ ದುರ್ವ್ಯಸನಗಳಿಗೆ ಬಲಿಯಾಗುತ್ತಾನೆ; ಇಂದಿರೆ ವಿಧವೆಯಾಗುತ್ತಾಳೆ. ಭಕ್ತಿಯ ಹೆಸರಿನಲ್ಲಿ ಮನೆಗೆ ಮುತ್ತುವ ಸಂತಮಂಡಳಿಯ ಸೇವೆಗೆ ಆಕೆಯನ್ನು ಹಚ್ಚಬೇಕೆಂದು ತಾಯಿಯ ಹಟ. ಹುಡುಗಿಗಾದರೋ ಓದಿನ ಹಂಬಲ. ಕಡೆಗೆ ಮನೆಯನ್ನು ತೊರೆದು ಅಮೃತರಾಯನೆಂಬ ಸಜ್ಜನನ ಆಶ್ರಯ ಪಡೆದು, ವಿದ್ಯೆ ಕಲಿತು, ಅದೇ ಆಶ್ರಯದಲ್ಲಿ ಓದಿ ವಿಲಾಯತಿಗೆ ಹೋಗಿ ದೊಡ್ಡ ಅಧಿಕಾರಿಯಾಗಿ ಬಂದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಕಥೆ ಇಷ್ಟೇ. ಪುನರ್ವಿವಾಹವನ್ನು ಎತ್ತಿಹಿಡಿಯುವ ಕಥೆಯೆಂದು ಎಲ್ಲ ಸಾಹಿತ್ಯ ಚರಿತ್ರೆಗಳೂ ಹೇಳುತ್ತವೆ, ಅದು ನಿಜವೂ ಹೌದು. ಆದರೆ ನಾನು ಹುಡುಕುತ್ತಿದ್ದುದು ಬೇರೆ.

ಓದುತ್ತಿದ್ದಂತೆ ನನಗೊಂದು ಸಂಗತಿ ಹೊಳೆಯಿತು. ರಾಯರ ಸಮಾಜದಲ್ಲಿ ಹದಿಹರೆಯವೆಂಬುದೇ ಹೆಣ್ಣಿಗೆ ಇರಲಿಲ್ಲ. ಮೈನೆರೆಯುವ ಮೊದಲೇ ಮದುವೆಯಾಗತಕ್ಕದ್ದು. 1891ರ ಕಾನೂನು ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದಕ್ಕೆ ದೇಶದಲ್ಲೆಲ್ಲ ಗದ್ದಲವೆದ್ದಿತೆಂದರೆ ಉಳಿದದ್ದನ್ನು ಊಹಿಸಬಹುದು. ನಿನ್ನೆ ಕವಡೆ ಆಡುತ್ತಿದ್ದವಳು ಇಂದು ಸೊಸೆ. ಬಾಲ್ಯಕ್ಕೂ ಗೃಹಿಣಿತನಕ್ಕೂ ನಡುವೆ ಬಿಡುವಿಲ್ಲ. ಮುಂದೇನು ಮಾಡಲಿ ಎಂದು ಒಂದು ಹುಡುಗಿ ಯೋಚಿಸುವಷ್ಟು ಬಿಡುವು. ಕಾದಂಬರಿಗೆ ಬೇಕಾದುದು ಆ ಬಿಡುವೇ ತಾನೆ? ಎಲ್ಲವೂ ಆಗಲೇ ನಿಶ್ಚಯವಾಗಿ ಹೋದವಳ ಮೇಲೆ ಹಾಡು ಕಟ್ಟಬಹುದು, ಕಾದಂಬರಿ ಹೇಗೆ ಬರೆಯುವುದು?

ನೆರೆಯ ಮಲಯಾಳದಲ್ಲಿ ಹತ್ತು ವರ್ಷ ಮೊದಲು, 1889ರಲ್ಲಿ, ಒ. ಚಂದು ಮೇನೋನರು ‘ಇಂದುಲೇಖಾ’ ಬರೆದರು. ಅವರು ನ್ಯಾಯಾಂಗದ ಅಧಿಕಾರಿ. ಅವರ ನಾಯಕಿ ಹದಿನೆಂಟರ ಆಸುಪಾಸಿನವಳು, ಇಂಗ್ಲಿಷ್ ಕಲಿತವಳು, ಬಂದ ನಂಬೂದಿರಿ ವರನನ್ನು ತಿರಸ್ಕರಿಸಿ ಮೆಚ್ಚಿದವನನ್ನು ವರಿಸುವವಳು. ಅಳಿಯಕಟ್ಟಿನ ನಾಯರ್ ತರವಾಡಿನಲ್ಲಿ ಆ ಪ್ರಾಯದ ಅವಿವಾಹಿತ ಹುಡುಗಿ ಇರುವುದು ಶಕ್ಯವಿತ್ತು. ನಮ್ಮ ರಾಯರಿಗೆ ಅಂತಹ ಹುಡುಗಿ ಎಲ್ಲಿಂದ ಸಿಗಬೇಕು? ಅವರ ಜಾತಿಯಲ್ಲಿ, ಪ್ರಾಯಕ್ಕೆ ಬಂದೂ ಬದುಕು ಇತ್ಯರ್ಥವಾಗದೆ ತವರಿನಲ್ಲಿ ಕುಳಿತಿರುವ ಹುಡುಗಿ ಒಬ್ಬಳೇ: ಬಾಲವಿಧವೆ. ಹಾಗಾಗಿ ಕನ್ನಡ ಕಾದಂಬರಿಯಲ್ಲಿ ಹದಿಹರೆಯದ ಹೆಣ್ಣು ಮೊದಲ ಬಾರಿಗೆ ತಲೆಯೆತ್ತಲು ಆಕೆಯ ಗಂಡ ಸಾಯಬೇಕಾಯಿತು. ಇದನ್ನು ಬರೆಯುವಾಗ ನನ್ನ ಕೈ ಒಮ್ಮೆ ತಡೆಯಿತು. ಆದರೆ ಬೇರೆ ರೀತಿಯಲ್ಲಿ ಹೇಳಲು ತಿಳಿಯದು.

ಇಂದಿರೆಯನ್ನು ನಾನು ನಂಬಿದೆನೆ? ಕೆಲವೆಡೆ ನಂಬಿದೆ, ಕೆಲವೆಡೆ ಇಲ್ಲ. ಆಕೆ ಸದ್ಧರ್ಮವನ್ನು ಕುರಿತು ಗ್ರಂಥದಂತೆ ಮಾತಾಡತೊಡಗಿದಾಗ ನನ್ನ ತಂಗಿಯ ನಗು ಕಿವಿಯಲ್ಲಿ ಕೇಳಿಸಿತು. ನನಗೆ ತುಸು ಸಮಾಧಾನವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಮೊದಲಿಗರೂ ಈ ಗುಂಡಿಗೆ ಬಿದ್ದವರೇ. ಭಾಸ್ಕರರಾಯನಂತೂ ತಪ್ಪನ್ನೇ ಮಾಡದ ಹುಡುಗ. ತಂದೆಯಿಲ್ಲದೆ ಪರರ ಆಶ್ರಯದಲ್ಲಿ ಓದಿದವನು ಒಂದು ದಿನವಾದರೂ ಹಸಿವಿಗೆ, ಹಂಗಿಗೆ ಸಿಡುಕದೆ ಇರುವನೆ? ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಲು ಹತ್ತಿದವಳು ನಾನು. ಶುಲ್ಕಕ್ಕೆಂದು ಚಿಕ್ಕಪ್ಪನ ಮನೆಗೆ ಹೋದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಚಿಕ್ಕಪ್ಪ ನಗುನಗುತ್ತಲೇ ಹಣ ಕೊಟ್ಟಿದ್ದರೂ. ಆ ಸಿಟ್ಟು ಭಾಸ್ಕರನಿಗೆ ಬರುವುದಿಲ್ಲ, ಆದುದರಿಂದ ಆತ ನನಗೆ ಹತ್ತಿರವಾಗಲಿಲ್ಲ.

ಇದಕ್ಕೆ ಬದಲು ಅಂಬಾಬಾಯಿಯೂ ಸಂತರೂ ಬಾಯಿ ತೆರೆದರೆ ಪುಟ ಜೀವಂತವಾಗುತ್ತದೆ. ಗಾದೆಗಳು, ಬೈಗುಳು, ಕರಾವಳಿಯ ಆಡುಮಾತು ತುಂಬಿ ಹರಿಯುತ್ತವೆ. ಒಳ್ಳೆಯವರಿಗೆ ಗ್ರಂಥದ ಕನ್ನಡ, ಕೆಟ್ಟವರಿಗೆ ಬೀದಿಯ ಕನ್ನಡ ಎಂಬ ಈ ಹಂಚಿಕೆ ವಿಚಿತ್ರವೆನಿಸಿತು. ಆಮೇಲೆ ಯೋಚಿಸಿದರೆ ನಾನೂ ಅದನ್ನೇ ಮಾಡಿದ್ದೆ. ನಮ್ಮ ಮನೆಮಾತು ತುಳು. ನನ್ನ ಕಥೆಯ ಹುಡುಗಿ ಅಳುವುದೂ ಜಗಳವಾಡುವುದೂ ನಿಜಕ್ಕೆ ತುಳುವಿನಲ್ಲಿ. ಅವಳಿಗೆ ನಾನು ಕೊಟ್ಟದ್ದು ಪಠ್ಯಪುಸ್ತಕದಲ್ಲಿ ಕಲಿತ ಕನ್ನಡ. ಮನೆಯಲ್ಲಿ ಕೊಂಕಣಿಯಾಡುವ ರಾಯರಿಗೂ ಇದೇ ತೊಡಕು ಇದ್ದಿರಬೇಕು. ಕಂದಾಯ ಕಚೇರಿ, ನ್ಯಾಯಾಲಯ, ಪೇಟೆ ಇವುಗಳಲ್ಲಿ ಕೇಳಿದ ಕನ್ನಡ ಅವರ ಕಿವಿಯಲ್ಲಿತ್ತು, ಅದು ದೊಡ್ಡವರ ಕನ್ನಡ. ಹದಿಹರೆಯದ ಹುಡುಗಿ ಒಬ್ಬಳೇ ಕೋಣೆಯಲ್ಲಿ ಕುಳಿತು ಯಾವ ಕನ್ನಡದಲ್ಲಿ ಯೋಚಿಸುತ್ತಾಳೆಂದು ಅವರಿಗೆ ಹೇಳಿಕೊಡಲು ಅವರಿಗಿಂತ ಮೊದಲು ಯಾರೂ ಬರೆದಿರಲಿಲ್ಲ.

ಹಾಗಾದರೆ ಇಂದಿರೆ ಎಲ್ಲಿ ಜೀವ ತಳೆಯುತ್ತಾಳೆ? ಮಾತಿಲ್ಲದ ಕಡೆಗಳಲ್ಲಿ. ತಾಯಿಯ ಹಟವನ್ನು ಎದುರಿಸಲೂ ಆಗದೆ ಒಪ್ಪಲೂ ಆಗದೆ ದಿನಗಳನ್ನು ದೂಡುವಾಗ. ಓದಿನ ಆಸೆಯನ್ನು ತಪ್ಪಿನಂತೆ ಒಳಗೆ ಇಟ್ಟುಕೊಂಡಿರುವಾಗ. ಹೆದರಿಕೊಂಡೇ ಮನೆಯನ್ನು ದಾಟುವಾಗ. ಇಲ್ಲಿ ರಾಯರ ಉದ್ಯೋಗವೇ ಅವರಿಗೆ ಒದಗಿತೆಂದು ನನ್ನ ಊಹೆ. ಠಾಣೆಯಲ್ಲಿ ಕುಳಿತವನಿಗೆ ಯಾರು ಏನು ಹೇಳಿದರೆಂಬುದಕ್ಕಿಂತ ಯಾರು ಎಲ್ಲಿದ್ದರು, ಯಾವ ಬಾಗಿಲಿನಿಂದ ಹೊರಟರು, ಯಾರ ಮನೆಗೆ ಹೋದರು ಎಂಬುದು ಮುಖ್ಯ. ಅವರ ಮನೆಗಳು ಬಾಗಿಲು ಮುಚ್ಚಿದ ಮನೆಗಳು. ಒಳಗೆ ಏನು ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಾಗುವುದು ಯಾರಾದರೂ ಓಡಿಹೋದಾಗಲೇ.

ಈ ಪುಸ್ತಕದ ಕಥೆಯನ್ನು ನಾನು ನಮ್ಮ ಅಜ್ಜಿಗೆ ಹೇಳಿದೆ. ಅಜ್ಜಿಗೆ ಓದು ಬಾರದು. ಹಿಂದೆ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು, ಆಮೇಲೆ ಬೀಡಿ. ಈಗಲೂ ಮಧ್ಯಾಹ್ನ ಊಟವಾದ ಮೇಲೆ ಅಮ್ಮನ ಜೊತೆ ತಡ್ಪೆ ಹಿಡಿದು ಕುಳಿತುಕೊಳ್ಳುತ್ತಾರೆ. ನಾಲ್ಕು ಮಧ್ಯಾಹ್ನ ಇಂದಿರೆಯ ಕಥೆಯನ್ನು ತುಳುವಿನಲ್ಲಿ ಹೇಳಿ ಮುಗಿಸಿದೆ. ಭಾಸ್ಕರರಾಯನ ವಿಲಾಯತಿ ಪ್ರಯಾಣಕ್ಕೆ ಅವರು ತಲೆಯೆತ್ತಲಿಲ್ಲ. ಅಂಬಾಬಾಯಿಯ ಮಾತುಗಳಿಗೆ ಮಾತ್ರ, ಇಂಥವರನ್ನು ಬಲ್ಲೆ ಎಂಬಂತೆ ಎರಡು ಸಲ ಹೂಂಗುಟ್ಟಿದರು. ಐದನೆಯ ದಿನ ಧೈರ್ಯ ಮಾಡಿ ನನ್ನ ಕಥೆಯನ್ನೂ ಹೇಳಿದೆ. ಭಾಷಣವನ್ನು ತುಳುವಿನಲ್ಲಿ ಹೇಳಹೊರಟರೆ ಎರಡು ಪುಟ ಎರಡು ವಾಕ್ಯವಾಗಿ ಹೋಯಿತು. ಅಜ್ಜಿ ನಗಲಿಲ್ಲ. ಮನೆ ಬಿಡುವಾಗ ಹುಡುಗಿ ಕೈಯಲ್ಲಿ ಏನು ಹಿಡಿದುಕೊಂಡಿದ್ದಳೆಂದು ಕೇಳಿದರು, ಅಷ್ಟೆ. ನಾನು ನಿರುತ್ತರಳಾದೆ. ಎರಡು ಪುಟದ ಮಾತು ಕೊಟ್ಟಿದ್ದೆ, ಕೈಗೆ ಏನನ್ನೂ ಕೊಟ್ಟಿರಲಿಲ್ಲ. ಇದು ಪೊಲೀಸರು ಕೇಳುವ ಪ್ರಶ್ನೆಯೆಂದು ಆ ಕ್ಷಣ ನನಗೆ ಅನಿಸಿತು.

ಸ್ವಲ್ಪ ಹೊತ್ತಿನ ಮೇಲೆ, ಎಲೆ ಕತ್ತರಿಸುತ್ತಲೇ, ಅಜ್ಜಿ ತಮ್ಮದೊಂದು ಸಂಗತಿಯನ್ನು ಹೇಳಿದರು. ಹದಿನಾಲ್ಕಕ್ಕೆ ಅವರ ಮದುವೆಯಾಗಿತ್ತು. ಬಂದ ಮೊದಲ ಮಳೆಗಾಲದಲ್ಲಿ ಒಂದು ಮುಂಜಾನೆ, ಯಾರೂ ಏಳುವ ಮೊದಲು, ತವರಿಗೆ ಹೋಗಿಬಿಡಬೇಕೆಂದು ಹೊರಟರಂತೆ. ಮಳೆ ಜೋರಾಗಿತ್ತು, ಬಾಗಿಲ ಹಿಂದೆ ತೂಗುಹಾಕಿದ್ದ ಅತ್ತೆಯ ಕೊಡೆಯನ್ನು ತೆಗೆದುಕೊಂಡರು. ರಸ್ತೆಯ ತಿರುವಿನವರೆಗೆ ಹೋದ ಮೇಲೆ ಭಯ ಹತ್ತಿತು. ಮನೆ ಬಿಟ್ಟು ಹೋದೆನೆಂಬ ಭಯವಲ್ಲ. ಕೊಡೆ ಕದ್ದವಳೆಂದು ಹೇಳುವರೆಂಬ ಭಯ. ಕೊಡೆಯನ್ನು ಮರಳಿ ಇಟ್ಟು, ನೆನೆದುಕೊಂಡೇ ಹೋಗೋಣವೆಂದು ಹಿಂದಿರುಗಿದರು. ಅಷ್ಟರಲ್ಲಿ ಮನೆಯವರು ಎದ್ದಿದ್ದರು. ಒಲೆಗೆ ಬೆಂಕಿ ಮಾಡಬೇಕಾಗಿತ್ತು.

ಅಮ್ಮನೂ ಈ ಸಂಗತಿಯನ್ನು ಅದುವರೆಗೆ ಕೇಳಿರಲಿಲ್ಲ. ಯಾರೂ ಮಾತಾಡಲಿಲ್ಲ. ಅಜ್ಜಿ ನೂಲನ್ನು ಹಲ್ಲಿನಿಂದ ಕಡಿದು ಮುಂದಿನ ಬೀಡಿಗೆ ಎಲೆ ತೆಗೆದುಕೊಂಡರು.

ರಾಯರ ಜೀವಿತದ ಉಳಿದ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಮರುವರ್ಷ, 1900ರಲ್ಲಿ, ‘ಭಾಗೀರಥಿ’ಯನ್ನೂ 1907ರಲ್ಲಿ ‘ಸೀಮಂತಿನಿ’ಯನ್ನೂ ಪ್ರಕಟಿಸಿದರು. ಹೆಸರುಗಳನ್ನು ಗಮನಿಸಿದರೆ ಮೂರೂ ಹೆಣ್ಣಿನವೇ. ‘ಇಂದಿರಾಬಾಯಿ’ಯನ್ನು ಎಂ. ಇ. ಕೌಚ್‌ಮನ್ ಎಂಬ ಐ.ಸಿ.ಎಸ್. ಅಧಿಕಾರಿಗಳು 1903ರಲ್ಲಿ ಇಂಗ್ಲಿಷಿಗೆ ತಂದರು. ಹೊಸಗನ್ನಡದ ಕಾದಂಬರಿಯೊಂದು ಹುಟ್ಟಿದ ನಾಲ್ಕೇ ವರ್ಷದಲ್ಲಿ ಪರಭಾಷೆಗೆ ಹೋದದ್ದು ಸಣ್ಣ ಮಾತಲ್ಲ. 1905ರಲ್ಲಿ ಬೋಳಾರ ಬಾಬುರಾಯರು ‘ವಾಗ್ದೇವಿ’ಯನ್ನು, 1906ರಲ್ಲಿ ಗುಲ್ವಾಡಿ ಅಣ್ಣಾಜಿರಾಯರು ‘ರೋಹಿಣಿ’ಯನ್ನು ಬರೆದು ಇದೇ ಜಿಲ್ಲೆಯಲ್ಲಿ ದಾರಿಯನ್ನು ಮುಂದುವರಿಸಿದರು. 1907ರಲ್ಲಿ ಮಂಗಳೂರಿಗೆ ರೈಲು ಬಂದಿತು. ಇಂದಿರೆಯ ಕಾಲಕ್ಕೆ ಅದು ಇರಲಿಲ್ಲ. ಆ ನಿಲ್ದಾಣ ನಮ್ಮ ಮನೆಯಿಂದ ಕಾಲ್ನಡಿಗೆಯ ದೂರ. ನಮ್ಮ ತಂದೆಯವರ ಆಟೋರಿಕ್ಷಾ ನಿಲ್ಲುವುದು ಅದರ ಎದುರಿಗೇ. ರಾತ್ರಿಯ ಗಾಡಿಗೆ ಒಂಟಿಯಾಗಿ ಬರುವ ಎಳೆಯ ಹುಡುಗಿಯರನ್ನು ಕಂಡರೆ ತಂದೆಯವರು ಮನೆಗೆ ಬಂದು ಹೇಳುವುದುಂಟು, ಚೀಲ ದೊಡ್ಡದಿತ್ತೋ ಸಣ್ಣದಿತ್ತೋ ಎಂಬುದನ್ನೂ ಸೇರಿಸಿ. ಇದನ್ನು ನಾನು ಎಷ್ಟೋ ಸಲ ಕೇಳಿದ್ದೆ, ಕೇಳಿಸಿಕೊಂಡಿರಲಿಲ್ಲ.

1913ರಲ್ಲಿ ವೆಂಕಟರಾಯರು ತೀರಿಕೊಂಡರು. ಹುಡುಗಿಯ ಮದುವೆಗೆ ಹದಿನಾಲ್ಕು ತುಂಬಿರಬೇಕೆಂಬ ಶಾರದಾ ಕಾಯಿದೆ ಬಂದದ್ದು 1929ರಲ್ಲಿ, ಅವರು ಹೋಗಿ ಹದಿನಾರು ವರ್ಷಗಳ ಮೇಲೆ. ಕಾದಂಬರಿಯನ್ನು ಮರೆತವರು ಬಹಳ ಮಂದಿ, ಆದರೂ ಅದು ಸತ್ತಿಲ್ಲ. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರು ಅದನ್ನು ಇನ್ನೊಮ್ಮೆ ಇಂಗ್ಲಿಷಿಗೆ ಅನುವಾದಿಸಿದ್ದಾರೆ.

ನನ್ನ ಕಥೆಯನ್ನು ಮತ್ತೆ ಬರೆಯತೊಡಗಿದ್ದೇನೆ. ತಂದೆಯೆದುರಿನ ಭಾಷಣ ಈಗ ಅದರಲ್ಲಿಲ್ಲ. ಹುಡುಗಿಯ ಕೈಯಲ್ಲಿ ಒಂದು ಕೊಡೆಯಿದೆ, ಅಜ್ಜಿಯ ಅನುಮತಿ ಪಡೆದೇ ಇಟ್ಟದ್ದು. ಮೊದಲ ನಾಲ್ಕು ಪುಟಗಳನ್ನು ತಂಗಿಗೆ ಕೊಟ್ಟೆ. ನಗದೆ ಓದಿದಳು, ಓದಿ, ಅವಳ ಮೊಬೈಲ್ ಎಲ್ಲಿ ಎಂದು ಕೇಳಿದಳು. ನಿಜವೇ. ಇವತ್ತಿನ ಹುಡುಗಿ ಕೊಡೆಯನ್ನು ಮರೆತಾಳು, ಅದನ್ನು ಮರೆಯಳು. ಅದನ್ನು ಮನೆಯಲ್ಲೇ ಬಿಟ್ಟು ಹೊರಟಳೋ, ಬಂದ್ ಮಾಡಿ ಚೀಲದ ತಳದಲ್ಲಿ ಹಾಕಿಕೊಂಡಳೋ ಎಂದು ನಾವಿಬ್ಬರೂ ಎರಡು ದಿನ ವಾದಿಸಿದೆವು, ಇತ್ಯರ್ಥವಾಗಲಿಲ್ಲ. ಸಂಪಾದಕರು ಕೊಟ್ಟ ಗಡುವು ಅಷ್ಟರಲ್ಲಿ ಬಂದುಬಿಟ್ಟಿತು. ಆದುದರಿಂದ ಕಥೆಯ ಸ್ಥಳದಲ್ಲಿ ಈ ಸಲ ವಾಚಕರು ರಾಯರ ಚರಿತ್ರೆಯನ್ನು ಓದುವಂತಾಯಿತು.